ತರಂಗಫಲನದ ಕುಸಿತವನ್ನು ಅಳೆಯಬಹುದು

ಸಂಪಾದಕರಿಗೆ,

ಮಾನ್ಯರೇ,

ವಿಶ್ವಸಂಸ್ಥೆ 2025ನ್ನು ಕ್ವಾಂಟಂ ವರ್ಷವೆಂದು ಘೋಷಿಸಿದ ಮೇಲೆ ಕನ್ನಡದಲ್ಲೂ ಈ ವಿಷಯದ ಬರಹಗಳು ಹೆಚ್ಚಿವೆ. ಇದು ಸಂತೋಷದ ಸಂಗತಿ. ಆದರೆ ಹೆಚ್ಚಿನವು ಒಂದೇ ಜಾಗದಲ್ಲಿ ಎಡವುತ್ತವೆ. ಪೆಟ್ಟಿಗೆಯೊಳಗೆ ಬದುಕಿಯೂ ಸತ್ತೂ ಇರುವ ಶ್ರೋಡಿಂಗರನ ಬೆಕ್ಕು ಬರುತ್ತದೆ, ‘ನೋಡಿದ ಕೂಡಲೇ ತರಂಗಫಲನ ಕುಸಿಯುತ್ತದೆ’ ಎಂಬ ಸಾಲು ಬರುತ್ತದೆ (ಕಣವೊಂದು ಎಲ್ಲೆಲ್ಲಿ ಎಷ್ಟು ಸಂಭವದಿಂದ ಸಿಕ್ಕೀತೆಂದು ಹೇಳುವ ಗಣಿತದ ವಿವರಣೆಯೇ ತರಂಗಫಲನ; ಅದು ಒಂದೇ ಫಲಿತಾಂಶಕ್ಕೆ ಇಳಿಯುವುದು ಕುಸಿತ), ಅದರ ಬೆನ್ನಿಗೇ ಪ್ರಜ್ಞೆ, ಸಾಕ್ಷಿ, ಬ್ರಹ್ಮ ಬಂದುಬಿಡುತ್ತವೆ. ಹಾಗಾಗದಿದ್ದರೆ ‘ಇದು ತತ್ತ್ವಶಾಸ್ತ್ರದ ಪ್ರಶ್ನೆ, ಪ್ರಯೋಗಕ್ಕೆ ಸಿಗುವಂಥದ್ದಲ್ಲ’ ಎಂದು ಲೇಖಕರು ಕೈತೊಳೆದುಕೊಳ್ಳುತ್ತಾರೆ. ಎರಡೂ ತಪ್ಪು. ಕುಸಿತ ನಿಜವಾಗಿ ನಡೆಯುವ ಭೌತಿಕ ಘಟನೆ, ನೋಡುವವರಿರಲಿ ಇಲ್ಲದಿರಲಿ ಅದು ತಾನಾಗಿ ಆಗುತ್ತದೆ ಎನ್ನುವ ಸಿದ್ಧಾಂತಗಳು ಸುಮಾರು ನಲವತ್ತು ವರ್ಷಗಳಿಂದ ಇವೆ. ಅವುಗಳಿಗೆ ಸಮೀಕರಣಗಳಿವೆ. ಆ ಸಮೀಕರಣಗಳ ಪ್ರಕಾರ ಎಷ್ಟು ಶಾಖ, ಎಷ್ಟು ಎಕ್ಸ್-ಕಿರಣ, ಎಷ್ಟು ನಡುಕ ಹುಟ್ಟಬೇಕೆಂದು ಲೆಕ್ಕ ಹಾಕಬಹುದು. ಹುಟ್ಟಿತೇ ಎಂದು ಹುಡುಕಬಹುದು. ಹುಡುಕಿದವರೂ ಇದ್ದಾರೆ. ಇಟಲಿಯ ಗ್ರಾನ್ ಸಾಸೊ ಬೆಟ್ಟದಡಿಯ ಪ್ರಯೋಗಶಾಲೆಯ ಝೆನಾನ್‌ಎನ್‌ಟಿ ಎಂಬ ಪ್ರಯೋಗದ ತಂಡ ಅದೇ 2025ರಲ್ಲಿ, ಈ ಸಿದ್ಧಾಂತಗಳಲ್ಲಿ ಮುಖ್ಯವಾದ ಒಂದರ ಮೂಲ ಅಂಕಿಗಳನ್ನು ಮೊದಲ ಬಾರಿಗೆ ಪ್ರಯೋಗದಿಂದ ತಳ್ಳಿಹಾಕಿದೆ. ಕ್ವಾಂಟಂ ಭೌತವಿಜ್ಞಾನದ ಶತಮಾನೋತ್ಸವದ ವರ್ಷದಲ್ಲಿ ಮುಖಪುಟಕ್ಕೆ ಯೋಗ್ಯವಾಗಿದ್ದ ಸುದ್ದಿ ಅದು. ಅದರ ಹಿನ್ನೆಲೆಯನ್ನೂ, ಅದಕ್ಕೆ ಎಷ್ಟು ಅರ್ಥ ಕೊಡಬೇಕು ಎಷ್ಟು ಕೊಡಬಾರದು ಎಂಬುದನ್ನೂ ಓದುಗರ ಮುಂದಿಡಲು ಈ ಪತ್ರ.

ಮೊದಲು ತೊಡಕು ಏನೆಂದು ನೋಡೋಣ. ತರಂಗಫಲನ ಕಾಲದೊಂದಿಗೆ ಹೇಗೆ ಬದಲಾಗುತ್ತದೆಂದು ಹೇಳುವ ಶ್ರೋಡಿಂಗರ್ ಸಮೀಕರಣಕ್ಕೆ ಕುಸಿತ ಗೊತ್ತೇ ಇಲ್ಲ. ಒಂದು ಎಲೆಕ್ಟ್ರಾನು ಎಡದಲ್ಲೂ ಬಲದಲ್ಲೂ ಇರುವ ಮಿಶ್ರ ಸ್ಥಿತಿಯಲ್ಲಿದ್ದು ಅದನ್ನು ಒಂದು ಮಾಪಕದೊಂದಿಗೆ ಜೋಡಿಸಿದರೆ, ಮಾಪಕದ ಮುಳ್ಳೂ ಎಡ-ಬಲಗಳ ಮಿಶ್ರ ಸ್ಥಿತಿಗೆ ಹೋಗುತ್ತದೆ ಎಂದಷ್ಟೇ ಆ ಸಮೀಕರಣ ಹೇಳುತ್ತದೆ. ಅಂಥ ಮುಳ್ಳನ್ನು ಯಾರೂ ಕಂಡಿಲ್ಲ. ಆದ್ದರಿಂದ ಪಠ್ಯಪುಸ್ತಕಗಳು ಎರಡನೆಯ ನಿಯಮವೊಂದನ್ನು ಸೇರಿಸುತ್ತವೆ: ಅಳತೆ ಮಾಡಿದಾಗ ತರಂಗಫಲನ ಒಂದು ಫಲಿತಾಂಶಕ್ಕೆ ಕುಸಿಯುತ್ತದೆ, ಯಾವುದಕ್ಕೆ ಎಂಬುದು, ತರಂಗಫಲನದ ವರ್ಗದಿಂದ ಸಂಭವವನ್ನು ಲೆಕ್ಕ ಹಾಕುವ ಬಾರ್ನ್ ನಿಯಮದಂತೆ. ಅಳತೆ ಎಂದರೆ ಏನು, ಎಷ್ಟು ದೊಡ್ಡ ವಸ್ತುವನ್ನು ಮಾಪಕ ಎನ್ನಬೇಕು, ಮೊದಲ ನಿಯಮ ಎಲ್ಲಿ ನಿಂತು ಎರಡನೆಯದು ಎಲ್ಲಿ ಶುರುವಾಗಬೇಕು ಎಂಬುದನ್ನು ಮಾತ್ರ ಯಾವ ಪಠ್ಯವೂ ಹೇಳುವುದಿಲ್ಲ. ಪ್ರಜ್ಞೆ ಬಂದು ಕೂರುವುದು ಈ ಖಾಲಿ ಜಾಗದಲ್ಲೇ.

ಡಿಕೊಹೆರೆನ್ಸ್, ಅಂದರೆ ಸುತ್ತಲಿನ ಪರಿಸರದ ಒಡನಾಟದಿಂದ ಮಿಶ್ರ ಸ್ಥಿತಿಯ ಗುರುತು ಮಸುಕಾಗುವುದು, ಈ ಸಮಸ್ಯೆಯನ್ನು ಬಗೆಹರಿಸಿದೆ ಎಂಬ ಮಾತು ಪದೇಪದೇ ಕೇಳಿಬರುತ್ತದೆ. ಬಗೆಹರಿಸಿಲ್ಲ. ಗಾಳಿಯ ಅಣುಗಳು, ಬೆಳಕು, ಶಾಖವಿಕಿರಣ ಇವೆಲ್ಲ ಮುಳ್ಳಿನೊಂದಿಗೆ ತೊಡಕಿಕೊಂಡಾಗ ಎಡ-ಬಲಗಳ ನಡುವಣ ವ್ಯತಿಕರಣ (ಅಲೆಗಳು ಬೆರೆತು ಪಟ್ಟೆಗಳು ಮೂಡುವ ಪರಿಣಾಮ) ಕಣ್ಣಿಗೆ ಬೀಳದಷ್ಟು ಕ್ಷೀಣಿಸುತ್ತದೆ ಎಂಬುದು ನಿಜ. ಆದರೆ ಎರಡೂ ಶಾಖೆಗಳು ಸಮೀಕರಣದಲ್ಲಿ ಹಾಗೇ ಉಳಿಯುತ್ತವೆ. ಒಂದೇ ಯಾಕೆ ಕಂಡಿತು ಎಂಬ ಪ್ರಶ್ನೆ ಇದ್ದಲ್ಲೇ ಇರುತ್ತದೆ.

1986ರಲ್ಲಿ ಇಟಲಿಯ ಜಿಯಾನ್‌ಕಾರ್ಲೊ ಗಿರಾರ್ಡಿ, ಆಲ್ಬರ್ಟೊ ರಿಮಿನಿ, ಟುಲ್ಲಿಯೊ ವೆಬರ್ ಬೇರೆ ದಾರಿ ಹಿಡಿದರು. ಎರಡು ನಿಯಮಗಳ ಬದಲು ಒಂದೇ ನಿಯಮ ಇರಲಿ, ಸಮೀಕರಣವನ್ನೇ ತುಸು ತಿದ್ದೋಣ ಎಂದರು. ಅವರ ಸೂತ್ರ ಹೀಗಿದೆ. ಪ್ರತಿಯೊಂದು ಕಣವೂ ಶ್ರೋಡಿಂಗರ್ ಸಮೀಕರಣದಂತೆ ಸಾಗುತ್ತಿರುತ್ತದೆ. ಆದರೆ ಆಗೊಮ್ಮೆ, ಕಾರಣವಿಲ್ಲದೆ, ಅದರ ತರಂಗಫಲನವನ್ನು ಸುಮಾರು 10⁻⁷ ಮೀಟರ್ ಅಗಲದ ಗಾಸಿಯನ್ ಫಲನವೊಂದು (ನಡುವೆ ಎತ್ತರವಿದ್ದು ಎರಡೂ ಬದಿಗೆ ಇಳಿಯುವ ಗಂಟೆಯಾಕಾರದ ಗೆರೆ) ಗುಣಿಸುತ್ತದೆ. ಆ ಅಗಲದ ಹೊರಗಿದ್ದ ಭಾಗ ಬಹುತೇಕ ಅಳಿಸಿಹೋಗುತ್ತದೆ. ಗಾಸಿಯನ್ನಿನ ನಡುಬಿಂದು ಎಲ್ಲಿ ಬೀಳುತ್ತದೆಂಬುದು ಯಾದೃಚ್ಛಿಕ. ತರಂಗಫಲನ ಎಲ್ಲಿ ದಟ್ಟವಾಗಿದೆಯೋ ಅಲ್ಲಿ ಬೀಳುವ ಸಂಭವ ಹೆಚ್ಚು. ಇಂಥ ಹೊಡೆತ ಒಂದು ಕಣಕ್ಕೆ ಸೆಕೆಂಡಿಗೆ 10⁻¹⁶ ಬಾರಿ ಬೀಳುತ್ತದೆ, ಅಂದರೆ ಸರಾಸರಿ ಮೂವತ್ತು ಕೋಟಿ ವರ್ಷಕ್ಕೊಮ್ಮೆ. ಈ ದರಕ್ಕೆ ಲ್ಯಾಂಬ್ಡಾ ಎಂದು ಹೆಸರು. ದರ ಮತ್ತು ಅಗಲ, ಇಡೀ ಸಿದ್ಧಾಂತದಲ್ಲಿ ಹೊಸದಾಗಿ ಬಂದಿರುವ ಅಂಕಿಗಳು ಇವೆರಡೇ.

ಮೂವತ್ತು ಕೋಟಿ ವರ್ಷಕ್ಕೊಮ್ಮೆ ಆಗುವುದರಿಂದ ಪರಮಾಣುವಿಗೆ ಏನೂ ಆಗದು. ಇದುವರೆಗಿನ ಪರಮಾಣು ಭೌತವಿಜ್ಞಾನವೆಲ್ಲ ಸುರಕ್ಷಿತ. ಮುಳ್ಳಿನ ಕಥೆಯೇ ಬೇರೆ. ಒಂದು ಗ್ರಾಂ ತೂಕದ ಮುಳ್ಳಿನಲ್ಲಿ ಸುಮಾರು 6×10²³ ನ್ಯೂಕ್ಲಿಯಾನುಗಳಿವೆ, ಅಂದರೆ ಪ್ರೋಟಾನು-ನ್ಯೂಟ್ರಾನುಗಳಿವೆ. ಅವುಗಳಲ್ಲಿ ಯಾವುದಾದರೂ ಒಂದಕ್ಕೆ ಹೊಡೆತ ಬೀಳುವ ದರ ಸೆಕೆಂಡಿಗೆ ಆರು ಕೋಟಿ. ಮಿಶ್ರ ಸ್ಥಿತಿಯಲ್ಲಿ ಎಲ್ಲ ಕಣಗಳೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ, ದಾರದ ಒಂದು ಹೂವನ್ನು ಎಳೆದರೆ ಇಡೀ ಮಾಲೆ ಬರುವ ಹಾಗೆ, ಒಂದು ನ್ಯೂಕ್ಲಿಯಾನು ಎಡಕ್ಕೆ ನಿಂತರೆ ಮುಳ್ಳೂ ಎಡಕ್ಕೇ ನಿಲ್ಲುತ್ತದೆ. ಇದಕ್ಕೆ ಬೇಕಾದ ಸಮಯ ಸೆಕೆಂಡಿನ ಆರು ಕೋಟಿಯಲ್ಲೊಂದು ಪಾಲು. ಅಷ್ಟರಲ್ಲಿ ಯಾರೂ ಕಣ್ಣು ಮಿಟುಕಿಸಿಯೂ ಇರುವುದಿಲ್ಲ. ನೋಡುಗನಿಗೆ ಇಲ್ಲಿ ಕೆಲಸವೇ ಇಲ್ಲ.

ಅಗಲಕ್ಕೆ 10⁻⁷ ಮೀಟರ್ ಎಂದು ಆರಿಸಿದ್ದಕ್ಕೂ ಕಾರಣವಿದೆ. ಹೊಡೆತ ಬಿದ್ದ ಕಣ ಇನ್ನಷ್ಟು ಕಿರಿದಾದ ಜಾಗಕ್ಕೆ ಸೀಮಿತವಾಗುತ್ತದೆ. ಅನಿಶ್ಚಿತತಾ ತತ್ತ್ವದ ಪ್ರಕಾರ ಅದರ ಸಂವೇಗ ಹರಡಿಕೊಳ್ಳುತ್ತದೆ, ಅಂದರೆ ಕಣಕ್ಕೆ ಶಕ್ತಿ ಸೇರುತ್ತದೆ. ಅಗಲವನ್ನು ಪರಮಾಣುವಿನ ಗಾತ್ರಕ್ಕೆ ಇಳಿಸಿದರೆ ಪ್ರತಿ ಹೊಡೆತವೂ ಪರಮಾಣುವಿನ ಒಳರಚನೆಯನ್ನೇ ಕದಡುತ್ತದೆ. ಮಿಲಿಮೀಟರಿಗೆ ಏರಿಸಿದರೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿರುವ ಎರಡು ಜಾಗಗಳನ್ನು ಸಿದ್ಧಾಂತ ಬೇರ್ಪಡಿಸಲಾರದು. ನೂರು ನ್ಯಾನೋಮೀಟರ್ ನಡುವಣ ರಾಜಿ.

ಹೊಡೆತ ಯಾಕೆ ಯಾದೃಚ್ಛಿಕವಾಗಿರಬೇಕು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಯಾದೃಚ್ಛಿಕತೆ ಇಲ್ಲದೆ ಶ್ರೋಡಿಂಗರ್ ಸಮೀಕರಣಕ್ಕೆ ಅರೇಖೀಯ ಪದವೊಂದನ್ನು ಸೇರಿಸಿದರೆ, ಹೆಣೆದುಕೊಂಡ ಎರಡು ಕಣಗಳ ಮೂಲಕ ಬೆಳಕಿಗಿಂತ ವೇಗವಾಗಿ ಸಂದೇಶ ಕಳಿಸುವುದು ಸಾಧ್ಯವಾಗಿಬಿಡುತ್ತದೆ ಎಂದು ಭೌತವಿಜ್ಞಾನಿ ನಿಕೊಲಾ ಜಿಸಾಂ 1989ರ ಹೊತ್ತಿಗೆ ತೋರಿಸಿದರು. ಅರೇಖೀಯತೆಗೆ ತಕ್ಕ ಪ್ರಮಾಣದ ಯಾದೃಚ್ಛಿಕತೆ ಬೆರೆತಾಗ ಮಾತ್ರ ಆ ಅಪಾಯ ತಪ್ಪುತ್ತದೆ. ಹಾಗಾಗಿ ಸಮೀಕರಣವನ್ನು ಮನಬಂದಂತೆ ತಿದ್ದಲಾಗದು. ತಿದ್ದುವವರ ಕೈಗೆ ಉಳಿದಿರುವುದು ಬಹಳ ಇಕ್ಕಟ್ಟಾದ ದಾರಿ.

ಅಮೆರಿಕದ ಫಿಲಿಪ್ ಪರ್ಲ್ ಈ ದಾರಿಯಲ್ಲಿ 1976ರಿಂದಲೇ ಇದ್ದವರು. 1989-90ರಲ್ಲಿ ಅವರೂ ಗಿರಾರ್ಡಿ ಮತ್ತು ರಿಮಿನಿಯೂ ಸೇರಿ ಬಿಡಿಬಿಡಿ ಹೊಡೆತಗಳ ಬದಲು ಎಡೆಬಿಡದ ಗದ್ದಲವನ್ನು ತಂದರು. ಸಿಎಸ್‌ಎಲ್ (ಕಂಟಿನ್ಯುಯಸ್ ಸ್ಪಾಂಟೇನಿಯಸ್ ಲೋಕಲೈಸೇಶನ್) ಎಂದು ಕರೆಯುವ ಈ ರೂಪದಲ್ಲಿ, ಆಕಾಶದ ತುಂಬ ಒಂದು ಯಾದೃಚ್ಛಿಕ ಕ್ಷೇತ್ರ ಕಂಪಿಸುತ್ತಿದ್ದು ವಸ್ತುವಿನ ದ್ರವ್ಯರಾಶಿಯ ಸಾಂದ್ರತೆಯೊಂದಿಗೆ ಬೆಸೆದುಕೊಳ್ಳುತ್ತದೆ. ನೂರು ನ್ಯಾನೋಮೀಟರಿನೊಳಗೆ ಒತ್ತೊತ್ತಾಗಿರುವ ಕಣಗಳು ಇಲ್ಲಿ ಒಟ್ಟಾಗಿ ವರ್ತಿಸುವುದರಿಂದ ಕುಸಿತದ ದರ ಕಣಗಳ ಸಂಖ್ಯೆಯ ವರ್ಗದಂತೆ ಏರುತ್ತದೆ. ಇವತ್ತು ಪ್ರಯೋಗಶಾಲೆಗಳು ಬೆನ್ನತ್ತಿರುವುದು ಹೆಚ್ಚಾಗಿ ಈ ರೂಪವನ್ನೇ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ತೇಜಿಂದರ್ ಪಾಲ್ ಸಿಂಗ್, ಇಟಲಿಯ ಟ್ರಿಯೆಸ್ತೆಯ ಆಂಜೆಲೊ ಬಸ್ಸಿ ಮತ್ತು ಸಂಗಡಿಗರು 2013ರಲ್ಲಿ ಬರೆದ ದೀರ್ಘ ಸಮೀಕ್ಷಾ ಪ್ರಬಂಧ ಈ ಕ್ಷೇತ್ರಕ್ಕೆ ಕಾಲಿಡುವವರೆಲ್ಲ ಓದುವಂಥದ್ದು. ಭಾರತದಲ್ಲಿ ಈ ಕೆಲಸ ಹೊಸತೇನೂ ಅಲ್ಲ.

ಈಗ ಅಳತೆಯ ಮಾತು. ಗದ್ದಲ ಕಣಗಳನ್ನು ಸದಾ ತಟ್ಟುತ್ತಿದ್ದರೆ ಎಲ್ಲ ವಸ್ತುವೂ ತುಸುತುಸುವೇ ಬಿಸಿಯಾಗುತ್ತಿರಬೇಕು. ಲ್ಯಾಂಬ್ಡಾ 10⁻¹⁶ ಎಂದು ಹಿಡಿದರೆ ಈ ಶಾಖ ಕಿಲೋಗೆ ಸುಮಾರು 3×10⁻¹⁷ ವ್ಯಾಟ್. ಇದನ್ನು ನೇರವಾಗಿ ಅಳೆಯಲು ಹೊರಟವರಿಗೆ ಎದುರಾಗುವ ಶತ್ರುಗಳ ಲೆಕ್ಕ ನೋಡಿ. ನೆಲದ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೊಂದರಂತೆ ಕಾಸ್ಮಿಕ್ ಕಿರಣದಿಂದ ಹುಟ್ಟಿದ ಮ್ಯೂಯಾನು ಎಂಬ ಕಣಗಳು ಬೀಳುತ್ತವೆ. ಅವು ವಸ್ತುವಿನೊಳಗೆ ಬಿಟ್ಟುಹೋಗುವ ಶಕ್ತಿಯೇ ಕಿಲೋಗೆ ಸುಮಾರು 5×10⁻¹² ವ್ಯಾಟ್, ಹುಡುಕುತ್ತಿರುವುದಕ್ಕಿಂತ ಲಕ್ಷ ಪಟ್ಟಿಗೂ ಹೆಚ್ಚು. ಆದ್ದರಿಂದ ನೆಲದಡಿಗೆ ಇಳಿಯಲೇಬೇಕು. ಗ್ರಾನ್ ಸಾಸೊದಲ್ಲಿ 1,400 ಮೀಟರ್ ಬಂಡೆ ಮೇಲಿದ್ದು ಮ್ಯೂಯಾನುಗಳು ಸುಮಾರು ಹತ್ತು ಲಕ್ಷ ಪಟ್ಟು ಕಡಿಮೆಯಾಗುತ್ತವೆ. ಅಲ್ಲಿಗೂ ಮುಗಿಯುವುದಿಲ್ಲ. ವಸ್ತುವಿನೊಳಗೇ ಕಿಲೋಗೆ ಒಂದು ಬೆಕೆರೆಲ್‌ನಷ್ಟು (ಸೆಕೆಂಡಿಗೆ ಒಂದು ವಿಘಟನೆ) ವಿಕಿರಣಶೀಲತೆ ಇದ್ದು ಪ್ರತಿ ವಿಘಟನೆಯೂ ಒಂದು ಎಂಇವಿ (ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್) ಬಿಟ್ಟುಕೊಟ್ಟರೆ ಅದು 1.6×10⁻¹³ ವ್ಯಾಟ್, ಇನ್ನೂ ಐದು ಸಾವಿರ ಪಟ್ಟು ಹೆಚ್ಚು. ಪೊಟ್ಯಾಸಿಯಂ-40, ಯುರೇನಿಯಂ ಮತ್ತು ಥೋರಿಯಂ ಸರಣಿಗಳು, ಸೀಸದಲ್ಲಿ ಸೀಸ-210, ನೆಲದ ಮೇಲಿಟ್ಟ ತಾಮ್ರದಲ್ಲಿ ಕಾಸ್ಮಿಕ್ ಕಿರಣದಿಂದ ಹುಟ್ಟುವ ಕೋಬಾಲ್ಟ್-60 ಇವೆಲ್ಲ ಸೇರಿಕೊಂಡಿರುತ್ತವೆ. ಗ್ರಾನ್ ಸಾಸೊದವರು ಸಮುದ್ರದಡಿಯಲ್ಲಿ ಸಿಕ್ಕ ರೋಮನ್ ಕಾಲದ ಸೀಸವನ್ನು ಕವಚಕ್ಕೆ ಬಳಸುವುದು, ಅಮೆರಿಕದ ಮೆಜೊರಾನಾ ಎಂಬ ಪ್ರಯೋಗದ ತಂಡ ತನ್ನ ತಾಮ್ರವನ್ನು ಗಣಿಯೊಳಗೇ ವಿದ್ಯುದ್ವಿಭಜನೆಯಿಂದ ಬೆಳೆಸಿಕೊಂಡದ್ದು ಈ ಕಾರಣಕ್ಕೆ. ಇನ್ನು ಅತಿಶೀತ ಯಂತ್ರಗಳಲ್ಲಿ ಲೋಹದೊಳಗೆ ಸಿಕ್ಕಿಕೊಂಡ ಹೈಡ್ರೋಜನ್ ನಿಧಾನವಾಗಿ ರೂಪ ಬದಲಿಸುತ್ತ ವಾರಗಟ್ಟಲೆ ಶಾಖ ಬಿಡುತ್ತದೆ. ಅಂಟು, ಪ್ಲಾಸ್ಟಿಕ್ಕುಗಳೂ ಹಾಗೆಯೇ. ಇವನ್ನೆಲ್ಲ ಕಳೆಯದೆ ‘ಹೆಚ್ಚಿನ ಶಾಖ ಕಂಡಿತು’ ಎಂದರೆ ಅದಕ್ಕೆ ಬೆಲೆಯಿಲ್ಲ.

ಇದಕ್ಕಿಂತ ಚುರುಕಾದ ದಾರಿ ಎಕ್ಸ್-ಕಿರಣದ್ದು. ವಿದ್ಯುದಾವೇಶವಿರುವ ಕಣವನ್ನು ತಟ್ಟಿದರೆ ಅದು ಬೆಳಕು ಬಿಡುತ್ತದೆ. ಸಿಎಸ್‌ಎಲ್ ಗದ್ದಲ ಎಲ್ಲ ಆವೃತ್ತಿಗಳಲ್ಲೂ ಒಂದೇ ಬಲದ್ದಾಗಿದ್ದರೆ, ಅಂದರೆ ಬಿಳಿ ಗದ್ದಲವಾಗಿದ್ದರೆ, ಯಾವ ವಸ್ತುವಿನಿಂದಲಾದರೂ ಮಂದವಾದ ಎಕ್ಸ್-ಕಿರಣ ಸದಾ ಹೊರಬರುತ್ತಿರಬೇಕು. ಫೋಟಾನಿನ, ಅಂದರೆ ಬೆಳಕಿನ ಕಣದ, ಶಕ್ತಿ ಹೆಚ್ಚಿದಂತೆ ಅವುಗಳ ಸಂಖ್ಯೆ ಅದೇ ಅನುಪಾತದಲ್ಲಿ ಇಳಿಯಬೇಕು. ಇಲ್ಲಿ ಭಾರದ ಪರಮಾಣುಗಳಿಂದ ದೊಡ್ಡ ಅನುಕೂಲ. ಫೋಟಾನಿನ ತರಂಗದೂರ ಪರಮಾಣುವಿಗಿಂತ ಚಿಕ್ಕದಾಗಿದ್ದು ನ್ಯೂಕ್ಲಿಯಸ್ಸಿಗಿಂತ ದೊಡ್ಡದಾಗಿದ್ದಾಗ, ನ್ಯೂಕ್ಲಿಯಸ್ಸಿನ ಪ್ರೋಟಾನುಗಳೆಲ್ಲ ಒಂದೇ ಲಯದಲ್ಲಿ ಬೆಳಕು ಬಿಡುತ್ತವೆ, ಎಲೆಕ್ಟ್ರಾನುಗಳು ಬೇರೆಬೇರೆಯಾಗಿ ಬಿಡುತ್ತವೆ. ಜರ್ಮೇನಿಯಂನ 32 ಪ್ರೋಟಾನುಗಳಿಗೆ 32ರ ವರ್ಗ 1,024, ಅದಕ್ಕೆ 32 ಎಲೆಕ್ಟ್ರಾನು ಸೇರಿ 1,056 ಪಟ್ಟು. ಝೆನಾನ್‌ಗಾದರೆ 54ರ ವರ್ಗ 2,916, ಜೊತೆಗೆ 54, ಒಟ್ಟು 2,970 ಪಟ್ಟು.

ಆದರೆ ಇದೇ ಸೂತ್ರವನ್ನು ಕಡಿಮೆ ಶಕ್ತಿಗೂ ಹಚ್ಚಿದರೆ ತಪ್ಪಾಗುತ್ತದೆ. 10 ಕೆಇವಿ (ಹತ್ತು ಸಾವಿರ ಎಲೆಕ್ಟ್ರಾನ್ ವೋಲ್ಟ್) ಫೋಟಾನಿನ ತರಂಗದೂರ 1.24 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ 10⁻¹⁰ ಮೀಟರ್), ಹೆಚ್ಚುಕಡಿಮೆ ಪರಮಾಣುವಿನಷ್ಟೇ. ಅಲ್ಲಿಂದ ಕೆಳಗೆ ಪ್ರೋಟಾನುಗಳೂ ಎಲೆಕ್ಟ್ರಾನುಗಳೂ ಒಂದೇ ಲಯಕ್ಕೆ ಬಂದು, ಆವೇಶಗಳು ವಿರುದ್ಧವಾದ್ದರಿಂದ, ಒಂದನ್ನೊಂದು ಅಳಿಸತೊಡಗುತ್ತವೆ. ಝೆನಾನ್‌ಎನ್‌ಟಿ ತಂಡದ ವಿಶ್ಲೇಷಣೆ ಈ ಅಳಿಸುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೊದಲನೆಯದು. ಗುಪ್ತದ್ರವ್ಯ (ಕಣ್ಣಿಗೆ ಕಾಣದೆ ಗುರುತ್ವದಿಂದಷ್ಟೇ ಗೊತ್ತಾಗುವ ದ್ರವ್ಯ) ಹುಡುಕಲು ಕಟ್ಟಿದ, ಸುಮಾರು ಆರು ಟನ್ ದ್ರವ ಝೆನಾನ್ ಸಕ್ರಿಯವಾಗಿರುವ ಆ ಪತ್ತೆಯಂತ್ರದಲ್ಲಿ 1ರಿಂದ 140 ಕೆಇವಿ ವರೆಗಿನ ದತ್ತಾಂಶವನ್ನು ಜಾಲಾಡಿ, ಹಿಂದಿನ ಅತ್ಯುತ್ತಮ ಮಿತಿಯನ್ನು ನೂರು ಪಟ್ಟು ಬಿಗಿಗೊಳಿಸಿದರು. ಬಿಳಿ ಗದ್ದಲದ ಸಿಎಸ್‌ಎಲ್‌ನಲ್ಲಿ 10⁻¹⁶ ಮತ್ತು 10⁻⁷ ಎಂಬ ಮೂಲ ಜೋಡಿಗೆ ಇನ್ನು ಜಾಗವಿಲ್ಲ.

ಗುರುತ್ವದೊಂದಿಗೆ ಕುಸಿತವನ್ನು ಬೆಸೆಯುವ ಇನ್ನೊಂದು ಬಳ್ಳಿಯಿದೆ. ಹಂಗೆರಿಯ ಲಾಯೊಷ್ ಡಿಯೋಷಿ 1987-89ರಲ್ಲಿ, ರೋಜರ್ ಪೆನ್ರೋಸ್ 1996ರಲ್ಲಿ ಬೇರೆಬೇರೆ ಕಾರಣಗಳಿಂದ ಒಂದೇ ಸೂತ್ರಕ್ಕೆ ಬಂದರು: ಮಿಶ್ರ ಸ್ಥಿತಿಯ ಎರಡು ದ್ರವ್ಯ ಹಂಚಿಕೆಗಳ ವ್ಯತ್ಯಾಸದ ಗುರುತ್ವ ಸ್ವಶಕ್ತಿಯಿಂದ ಪ್ಲಾಂಕ್ ಸ್ಥಿರಾಂಕವನ್ನು ಭಾಗಿಸಿದರೆ ಬರುವುದೇ ಕುಸಿತದ ಕಾಲ. ಇಲ್ಲಿ ಉಳಿಯುವ ಒಂದೇ ಅಂಕಿ, ಕಣದ ದ್ರವ್ಯವನ್ನು ಎಷ್ಟು ಅಗಲಕ್ಕೆ ಹರಡಿ ಲೆಕ್ಕ ಹಾಕಬೇಕೆಂಬುದು. ಪೆನ್ರೋಸರ ವಾದದಂತೆ ಅದು ನ್ಯೂಕ್ಲಿಯಸ್ಸಿನ ತರಂಗಫಲನದ್ದೇ ಅಗಲವಾದರೆ ತಂಪಾದ ಜರ್ಮೇನಿಯಂ ಹರಳಿನಲ್ಲಿ ಸುಮಾರು 0.05 ಆಂಗ್‌ಸ್ಟ್ರಾಂ. 2021ರಲ್ಲಿ ಗ್ರಾನ್ ಸಾಸೊದಲ್ಲಿ ಜರ್ಮೇನಿಯಂ ಪತ್ತೆಯಂತ್ರದಿಂದ ಪಡೆದ ಫಲಿತಾಂಶ, ಈ ಅಗಲ 0.54 ಆಂಗ್‌ಸ್ಟ್ರಾಂಗಿಂತ ಕಡಿಮೆ ಇರಲಾರದು ಎಂದಿತು. ಹತ್ತು ಪಟ್ಟು ಅಂತರ. ‘ಪೆನ್ರೋಸ್ ಸಿದ್ಧಾಂತ ಬಿದ್ದುಹೋಯಿತು’ ಎಂದು ಆಗ ಕೆಲವರು ಬರೆದರು. ಪೆನ್ರೋಸ್ ಕೊಟ್ಟದ್ದು ಕಾಲದ ಅಂದಾಜನ್ನು, ಪೂರ್ಣ ಚಲನಸಮೀಕರಣವನ್ನಲ್ಲ; ವಿಕಿರಣ ಬರುವುದು ಡಿಯೋಷಿ ರೂಪದ ಸಮೀಕರಣದಿಂದ. ಬಿದ್ದದ್ದು ಆ ಸಮೀಕರಣದ ಅತಿ ಸರಳ ರೂಪ. ಈ ವ್ಯತ್ಯಾಸವನ್ನು ಬಿಡದೆ ಬರೆಯಬೇಕು.

ಹಾಗಾದರೆ ಝೆನಾನ್‌ಎನ್‌ಟಿ ಫಲಿತಾಂಶದೊಂದಿಗೆ ಸ್ವಯಂಕುಸಿತದ ಕಥೆ ಮುಗಿಯಿತೇ? ಇಲ್ಲ. ಇದರ ಕಾರಣವನ್ನು ತಿಳಿಯುವುದು ಬಹಳ ಮುಖ್ಯ. ಬಿಳಿ ಗದ್ದಲ ಗಣಿತದ ಅನುಕೂಲಕ್ಕೆ ಮಾಡಿಕೊಂಡದ್ದು. ನಿಸರ್ಗದ ಯಾವ ಗದ್ದಲವೂ ಎಲ್ಲ ಆವೃತ್ತಿಗಳಿಗೂ ಸಮನಾಗಿ ಹರಡಿರುವುದಿಲ್ಲ. ಎಲ್ಲೋ ಒಂದು ಕಡೆ ನಿಲ್ಲುತ್ತದೆ. 10 ಕೆಇವಿ ಎಕ್ಸ್-ಕಿರಣ ಹುಟ್ಟಬೇಕಾದರೆ ಗದ್ದಲದಲ್ಲಿ 2.4×10¹⁸ ಹರ್ಟ್ಸ್ ಆವೃತ್ತಿಯ ಪಾಲಿರಬೇಕು. ಗದ್ದಲ ಅದಕ್ಕಿಂತ ಕೆಳಗೇ ನಿಂತುಹೋದರೆ ಎಕ್ಸ್-ಕಿರಣ ಬರುವುದಿಲ್ಲ, ಕುಸಿತ ಮಾತ್ರ ಎಂದಿನಂತೆ ಆಗುತ್ತದೆ. ಮುಳ್ಳನ್ನು ನಿಲ್ಲಿಸಲು ಅಷ್ಟು ಎತ್ತರದ ಆವೃತ್ತಿ ಬೇಕೇ ಇಲ್ಲ. ಆದ್ದರಿಂದ ಪ್ರತಿ ಪ್ರಯೋಗದ ಫಲಿತಾಂಶದ ಪಕ್ಕದಲ್ಲೂ ಅದು ಯಾವ ಆವೃತ್ತಿಯಲ್ಲಿ ಹುಡುಕಿತು ಎಂದು ಬರೆದುಕೊಳ್ಳಬೇಕು. ಎಕ್ಸ್-ಕಿರಣದವರು 10¹⁸ ಹರ್ಟ್ಸ್ ಸುತ್ತ ಹುಡುಕಿದ್ದಾರೆ. ಕಂಪಿಸುವ ಸೂಕ್ಷ್ಮ ತೊಲೆಗಳವರು ಕಿಲೋಹರ್ಟ್ಸ್‌ನಲ್ಲಿ. ಗುರುತ್ವ ತರಂಗಗಳ ಉಪಗ್ರಹಕ್ಕೆ ಪೂರ್ವತಯಾರಿಯಾಗಿ ಹಾರಿಬಿಟ್ಟ ಲೀಸಾ ಪಾತ್‌ಫೈಂಡರ್, ಸುಮಾರು ಎರಡೆರಡು ಕಿಲೋ ತೂಕದ ಎರಡು ಚಿನ್ನ-ಪ್ಲಾಟಿನಂ ಘನಗಳ ನಡುವಣ ನಡುಕವನ್ನು ಅಳೆದು, ಮಿಲಿಹರ್ಟ್ಸ್‌ನಲ್ಲಿ ಮಿತಿ ಕೊಟ್ಟಿತು. ಅದು ಬಿಗಿಯಾಗಿರುವುದು ಗದ್ದಲದ ಅಗಲ ಮೈಕ್ರೋಮೀಟರಿಗಿಂತ ಹೆಚ್ಚಿದ್ದಾಗ.

ಸೂಕ್ಷ್ಮ ತೊಲೆಯ ಪ್ರಯೋಗವನ್ನು ತುಸು ವಿವರಿಸಬೇಕು; ಬೆಂಗಳೂರಿನಂಥ ಊರಿನಲ್ಲಿ ಮಾಡಬಹುದಾದದ್ದು ಇದು. ಸಿಲಿಕಾನಿನ ತೆಳು ತೊಲೆಯ ತುದಿಗೆ ಪುಟ್ಟ ತೂಕ, ಅದರ ಜೊತೆ ಒಂದು ಕಾಂತೀಯ ಗುಂಡು. ಗುಂಡು ಅಲುಗಿದಾಗ ಬದಲಾಗುವ ಕಾಂತಕ್ಷೇತ್ರವನ್ನು ಸ್ಕ್ವಿಡ್ ಎಂಬ ಅತಿವಾಹಕ ಸಾಧನ ಓದುತ್ತದೆ. ಇಡೀ ಜೋಡಣೆ ಡೈಲ್ಯೂಶನ್ ಶೈತ್ಯಯಂತ್ರದೊಳಗೆ, ಕೆಲವು ಹತ್ತು ಮಿಲಿಕೆಲ್ವಿನ್‌ನಿಂದ ಒಂದು ಕೆಲ್ವಿನ್‌ವರೆಗೆ ಬೇರೆಬೇರೆ ತಾಪದಲ್ಲಿ. ಪ್ರತಿ ತಾಪದಲ್ಲೂ ತೊಲೆಯ ಸಹಜ ನಡುಕದ ಬಲವನ್ನು ಅಳೆದು ತಾಪದ ಎದುರು ಗುರುತಿಸುತ್ತ ಹೋದರೆ ನೇರ ಗೆರೆ ಬರಬೇಕು. ಗೆರೆಯನ್ನು ಶೂನ್ಯ ಕೆಲ್ವಿನ್‌ಗೆ ಎಳೆದಾಗ ನಡುಕವೂ ಶೂನ್ಯಕ್ಕೆ ಇಳಿಯಬೇಕು. ಇಳಿಯದೆ ಮೇಲೇ ಉಳಿದರೆ ತಾಪಕ್ಕೆ ಸಂಬಂಧಿಸದ ಇನ್ನೊಂದು ನಡುಕ ಇದೆ ಎಂದರ್ಥ. ಕುಸಿತದ ಗದ್ದಲ ಇದ್ದರೆ ಅದು ಅಲ್ಲಿ ಕಾಣಬೇಕು.

ಹೇಳಿದಷ್ಟು ಸುಲಭವಲ್ಲ. 8 ಕಿಲೋಹರ್ಟ್ಸ್‌ನ, ಗುಣಾಂಕ (ಕಂಪನ ಎಷ್ಟು ಹೊತ್ತು ಉಳಿಯುತ್ತದೆಂಬುದರ ಅಳತೆ) ಹತ್ತು ಲಕ್ಷವಿರುವ ತೊಲೆ ತನ್ನ ನಡುಕದ ನೆನಪನ್ನು ಮರೆಯಲು 20ರಿಂದ 40 ಸೆಕೆಂಡು ತೆಗೆದುಕೊಳ್ಳುತ್ತದೆ. ನಡುಕದ ಸರಾಸರಿಯನ್ನು ಶೇಕಡಾ 1ರ ನಿಖರತೆಯಲ್ಲಿ ತಿಳಿಯಲು ಇಂಥ ಹತ್ತು ಸಾವಿರ ಸ್ವತಂತ್ರ ಮಾದರಿಗಳು ಬೇಕು, ಅಂದರೆ ಒಂದೊಂದು ತಾಪಕ್ಕೆ ಎರಡರಿಂದ ಐದು ದಿನ. ಅಷ್ಟು ದಿನ ತಾಪ, ಕಂಪನ, ಸ್ಕ್ವಿಡ್ಡಿನ ವರ್ಧನೆ ಯಾವುದೂ ಜಾರಬಾರದು. ಶೈತ್ಯಯಂತ್ರವನ್ನು ತಂಪು ಮಾಡುವ ಪಲ್ಸ್‌ಟ್ಯೂಬ್ ಎಂಬ ಭಾಗದ ಕಂಪನದ ಮೇಲ್‌ಸ್ವರಗಳು ತೊಲೆಯ ಆವೃತ್ತಿಗೆ ಬಿದ್ದರೆ ಅದು ಕುಸಿತದಂತೆಯೇ ಕಾಣುತ್ತದೆ. ತಾಪಮಾಪಕ ತೊಲೆಯ ಬುಡದಲ್ಲಿದ್ದು ತುದಿ ಅದಕ್ಕಿಂತ ಬಿಸಿಯಾಗಿದ್ದರೂ ಹಾಗೆಯೇ. ಕಡಿಮೆ ತಾಪದಲ್ಲಿ ಸಿಲಿಕಾನು ಶಾಖವನ್ನು ಸರಿಯಾಗಿ ಸಾಗಿಸುವುದಿಲ್ಲ, ಗೆರೆ ತಳದಲ್ಲಿ ಬಾಗುತ್ತದೆ. ಸ್ಕ್ವಿಡ್ ಕೂಡ ತೊಲೆಯನ್ನು ಹಿಂದಕ್ಕೆ ತಳ್ಳುತ್ತದೆ. ಜೋಡಣೆಯ ಬಲವನ್ನು ಬದಲಿಸಿ ಮತ್ತೆ ಅಳೆದು ಅದನ್ನು ಬೇರ್ಪಡಿಸಬೇಕು.

2017ರಲ್ಲಿ ಆಂದ್ರೆಯಾ ವಿನಾಂತೆ ಮತ್ತು ಸಂಗಡಿಗರು ಇಂಥ ತೊಲೆಯಲ್ಲಿ ಮೂಲ ತಿಳಿಯದ ಹೆಚ್ಚುವರಿ ನಡುಕ ಕಂಡಿತೆಂದು ಪ್ರಕಟಿಸಿದರು. ಅದು ಅಮೆರಿಕದ ಭೌತವಿಜ್ಞಾನಿ ಸ್ಟೀಫನ್ ಆಡ್ಲರ್ ಸೂಚಿಸಿದ್ದ ಅಂಕಿಗಳಿಗೆ ಹತ್ತಿರವಿತ್ತು. ಫೋಟೊ ಫಿಲ್ಮಿನಲ್ಲಿ ಬಿಂಬ ಮೂಡುವ ಹಂತದಲ್ಲೇ ಅಳತೆ ಮುಗಿದಿರಬೇಕು, ಹಾಗಾದರೆ ಲ್ಯಾಂಬ್ಡಾ 10⁻⁸ರ ಆಸುಪಾಸು ಇರಬೇಕು ಎಂಬುದು 2007ರ ಆಡ್ಲರ್ ವಾದ. ಕುತೂಹಲ ಸಹಜವಾಗಿಯೇ ಕೆರಳಿತು. ಅದೇ ತಂಡ ನಡುಕವನ್ನು ಇನ್ನಷ್ಟು ತಗ್ಗಿಸುವ ಬದಲು ಸಂಕೇತವನ್ನೇ ಹೆಚ್ಚಿಸುವ ಉಪಾಯ ಮಾಡಿತು. ಸಿಎಸ್‌ಎಲ್ ಬಲ ಹುಟ್ಟುವುದು ಸಾಂದ್ರತೆ ಬದಲಾಗುವ ಮೇಲ್ಮೈಗಳಲ್ಲಿ. ಹಾಗಾಗಿ ಭಾರದ ಮತ್ತು ಹಗುರದ ಪದಾರ್ಥಗಳನ್ನು ನೂರು ನ್ಯಾನೋಮೀಟರಿಗೆ ಹೊಂದುವ ದಪ್ಪದಲ್ಲಿ ಪದರಪದರವಾಗಿ ಜೋಡಿಸಿದ ತೂಕವನ್ನು ತುದಿಗೆ ಕೂರಿಸಿದರೆ ಕುಸಿತದ ಬಲ ಹೆಚ್ಚುತ್ತದೆ, ಶಾಖದ ನಡುಕ ಹೆಚ್ಚುವುದಿಲ್ಲ. 2020ರ ಆ ಅಳತೆ 100 ಮಿಲಿಕೆಲ್ವಿನ್‌ವರೆಗೂ ಶುದ್ಧ ಶಾಖದ ನಡುಕಕ್ಕೆ ಹೊಂದಿತು, ಹೆಚ್ಚಿಗೆ ಏನೂ ಇರಲಿಲ್ಲ. ಯಾಂತ್ರಿಕ ಪ್ರಯೋಗಗಳ ಮಿತಿ ಹತ್ತು ಪಟ್ಟಿಗೂ ಹೆಚ್ಚು ಬಿಗಿಯಾಯಿತು. ಒಂದು ಅನುಮಾನವನ್ನು ಅದೇ ತಂಡ ಎತ್ತಿ, ಅದೇ ತಂಡ ಹೊಸ ವಿನ್ಯಾಸದಿಂದ ಪರಿಹರಿಸಿದ ಈ ಎರಡು ಪ್ರಬಂಧಗಳನ್ನು ಎಂ.ಎಸ್‌ಸಿ. ಪ್ರಯೋಗ ತರಗತಿಗಳಲ್ಲಿ ಒಟ್ಟಿಗೆ ಓದಿಸಬೇಕು.

ಅಣುಗಳ ವ್ಯತಿಕರಣದ ಬಗ್ಗೆ ಕನ್ನಡದಲ್ಲಿ ಆಗಾಗ ಬರುತ್ತದೆ, ಆದ್ದರಿಂದ ಇಲ್ಲಿ ಚುಟುಕಾಗಿ. ವಿಯೆನ್ನಾದಲ್ಲಿ 1999ರಲ್ಲಿ 60 ಕಾರ್ಬನ್ ಪರಮಾಣುಗಳ ಫುಲರೀನ್, 2019ರಲ್ಲಿ ಎರಡು ಮೀಟರ್ ಉದ್ದದ ವ್ಯತಿಕರಣಮಾಪಕದಲ್ಲಿ 25,000 ಪರಮಾಣು ದ್ರವ್ಯಮಾನ ಮೀರಿದ, ಎರಡು ಸಾವಿರದಷ್ಟು ಪರಮಾಣುಗಳಿರುವ ಅಣುಗಳು ಪಟ್ಟೆಗಳನ್ನು ತೋರಿಸಿದವು. ಇದು ಸ್ವಯಂಕುಸಿತವನ್ನು ಸುಳ್ಳುಮಾಡಿತೇ? ಲೆಕ್ಕ ಹಾಕಿ: 25,000ದ ವರ್ಗವನ್ನು 10⁻¹⁶ರಿಂದ ಗುಣಿಸಿದರೆ ಸೆಕೆಂಡಿಗೆ 6×10⁻⁸. ಅಣು ಹಾರುವುದು ಮಿಲಿಸೆಕೆಂಡುಗಳ ಲೆಕ್ಕದಲ್ಲಿ. ಪಟ್ಟೆಗಳಿಗೆ ಏನೂ ಆಗದು ಎಂದೇ ಸಿಎಸ್‌ಎಲ್ ಕೂಡ ಹೇಳುತ್ತದೆ. ಆಡ್ಲರ್ ಅಂಕಿ ಹಾಕಿದರೆ ದರ ಸೆಕೆಂಡಿಗೆ ಆರಕ್ಕೇರುತ್ತದೆ, ಆಗಲೂ ಹಾರಾಟದ ಹೊತ್ತಿನಲ್ಲಿ ಪಟ್ಟೆಗಳ ಸ್ಪಷ್ಟತೆ ಕೆಲವೇ ಶೇಕಡಾ ತಗ್ಗುತ್ತದೆ. ಈ ಪ್ರಯೋಗಗಳ ದೊಡ್ಡ ಗುಣವೆಂದರೆ ಗದ್ದಲದ ಬಣ್ಣ ಯಾವುದೇ ಇರಲಿ ಅವುಗಳ ತೀರ್ಪು ಅಷ್ಟಾಗಿ ಬದಲಾಗುವುದಿಲ್ಲ. ಮಿತಿ ಸಡಿಲವಾದರೂ ನಂಬಿಕಸ್ಥ.

2025ರ ನೊಬೆಲ್ ಬಂದ ಅತಿವಾಹಕ ಮಂಡಲಗಳ ವಿಷಯವೂ ಹೀಗೆಯೇ. ಕೋಟಿಗಟ್ಟಲೆ ಎಲೆಕ್ಟ್ರಾನು ಜೋಡಿಗಳು ಒಂದಾಗಿ ಕ್ವಾಂಟಂ ವರ್ತನೆ ತೋರಿಸಿದವು, ಹಾಗಾಗಿ ದೊಡ್ಡ ವಸ್ತುಗಳೂ ಕ್ವಾಂಟಂ ಎಂದು ಸಾಬೀತಾಯಿತು ಎಂದು ಬರೆದವರಿದ್ದಾರೆ. ಸಿಎಸ್‌ಎಲ್ ಕೇಳುವ ಪ್ರಶ್ನೆ ಬೇರೆ: ಎರಡು ಸ್ಥಿತಿಗಳ ನಡುವೆ ಎಷ್ಟು ದ್ರವ್ಯರಾಶಿ ಎಷ್ಟು ದೂರ ಸರಿದಿದೆ? ವಿದ್ಯುತ್ತು ಎಡಕ್ಕೆ ಸುತ್ತಿದರೂ ಬಲಕ್ಕೆ ಸುತ್ತಿದರೂ ದ್ರವ್ಯದ ಹಂಚಿಕೆ ಬಹುತೇಕ ಅದೇ. ಎಲೆಕ್ಟ್ರಾನು ಹಗುರ, ಹರಳು ಅಲುಗುವುದಿಲ್ಲ. ಐಐಎಸ್‌ಸಿಯಲ್ಲಿ ರಾಷ್ಟ್ರೀಯ ಕ್ವಾಂಟಂ ಮಿಷನ್ನಿನಡಿ ಕಟ್ಟುತ್ತಿರುವ ಕ್ವಾಂಟಂ ಕಂಪ್ಯೂಟರಿಗೆ ಸ್ವಯಂಕುಸಿತದಿಂದ ಅಪಾಯವೂ ಇಲ್ಲ, ಅದರಿಂದ ಸ್ವಯಂಕುಸಿತಕ್ಕೆ ಪರೀಕ್ಷೆಯೂ ಇಲ್ಲ. ಆದರೆ ಆ ಕೆಲಸಕ್ಕೆ ಬರುವ ಶೈತ್ಯಯಂತ್ರಗಳು ಸೂಕ್ಷ್ಮ ತೊಲೆಯ ಪ್ರಯೋಗಕ್ಕೂ ಸಾಕು. ಮಿಷನ್ನಿಗೆ ಕೇಂದ್ರ 6,003.65 ಕೋಟಿ ರೂಪಾಯಿ ಮೀಸಲಿಟ್ಟಿದೆ. ಅದರಲ್ಲಿ ಒಂದು ಶೈತ್ಯಯಂತ್ರದ ಕೆಲವು ತಿಂಗಳ ಸಮಯವನ್ನು ಇಂಥ ಅಳತೆಗೆ ಕೊಡುವುದು ಹೆಚ್ಚಿನ ಬೇಡಿಕೆಯಲ್ಲ.

ಸಿದ್ಧಾಂತದ ಒಳಗಿನ ಕುಂದುಗಳನ್ನೂ ಮುಚ್ಚಿಡಬಾರದು. ಶಕ್ತಿ ಸಂರಕ್ಷಣೆ ಮುರಿಯುತ್ತದೆ. ಗದ್ದಲಕ್ಕೆ ತಾಪವೊಂದನ್ನು ಕೊಟ್ಟು ಇದನ್ನು ಹತೋಟಿಗೆ ತರುವ ರೂಪಗಳಿವೆ. ಸಾಪೇಕ್ಷತೆಗೆ ಹೊಂದಿಸುವುದು ಕಷ್ಟ. ರೊಡೆರಿಕ್ ಟುಮುಲ್ಕ 2006ರಲ್ಲಿ ಪರಸ್ಪರ ಕ್ರಿಯೆಯಿಲ್ಲದ ಕಣಗಳಿಗೆ ಹೊಂದಿಸಿ ತೋರಿಸಿದರು. ಗದ್ದಲ ಎಲ್ಲಿಂದ ಬರುತ್ತದೆಂಬುದಕ್ಕೆ ಒಪ್ಪಿತ ಉತ್ತರವಿಲ್ಲ. ಈ ಕುಂದುಗಳಿದ್ದೂ ಸಿದ್ಧಾಂತ ಸುಳ್ಳಾಗುವ ಧೈರ್ಯ ತೋರಿಸುತ್ತದೆ. ಪ್ರಜ್ಞೆಯಿಂದ ಕುಸಿತ ಎನ್ನುವವರು ಯಾವ ಅಂಕಿಯನ್ನೂ ಮುಂದಿಡುವುದಿಲ್ಲ. ಶ್ರೋಡಿಂಗರ್ ವೇದಾಂತವನ್ನು ಪ್ರೀತಿಯಿಂದ ಓದಿದವರು ನಿಜ. ಆದರೆ ತಮ್ಮ ಸಮೀಕರಣಕ್ಕೆ ಅದರಿಂದ ಒಂದು ಪದವನ್ನೂ ಸೇರಿಸಲಿಲ್ಲ. ವೇದಾಂತಕ್ಕೆ ತನ್ನದೇ ಘನತೆಯಿದೆ, ಅದಕ್ಕೆ ಕ್ವಾಂಟಂ ಭೌತವಿಜ್ಞಾನದ ಊರುಗೋಲು ಬೇಕಿಲ್ಲ.

ಕರ್ನಾಟಕದವರು ಮನಸ್ಸಿಗೆ ತಂದುಕೊಳ್ಳಬೇಕಾದ ಇನ್ನೊಂದು ವಿಷಯ ನೆಲದಡಿಯದು. 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ 2.3 ಕಿ.ಮೀ. ಕೆಳಗೆ, ಟಿಐಎಫ್‌ಆರ್, ಜಪಾನಿನ ಒಸಾಕಾ ಸಿಟಿ ಮತ್ತು ಬ್ರಿಟನ್ನಿನ ಡರ್ಹಂ ವಿಶ್ವವಿದ್ಯಾಲಯಗಳ ತಂಡ, ವಸ್ತುವನ್ನು ಬಹುತೇಕ ತಾಗದೆ ಹಾದುಹೋಗುವ ನ್ಯೂಟ್ರಿನೊ ಕಣಗಳಲ್ಲಿ ವಾತಾವರಣದಲ್ಲಿ ಹುಟ್ಟಿದವನ್ನು ಕಂಡಿತು. 1980ರ ದಶಕದಲ್ಲಿ ಅಲ್ಲೇ 140 ಟನ್ ಕಬ್ಬಿಣದ ಪತ್ತೆಯಂತ್ರ ಪ್ರೋಟಾನು ಕ್ಷಯವನ್ನು ಹುಡುಕಿತು. ಗ್ರಾನ್ ಸಾಸೊಗಿಂತ ಆಳದ ಜಾಗ ಅದು. 2001ರಲ್ಲಿ ಗಣಿ ಮುಚ್ಚಿತು, ಆಳದ ಸುರಂಗಗಳಲ್ಲಿ ನೀರು ತುಂಬಿತು. ತಮಿಳುನಾಡಿನ ತೇಣಿಯ ನ್ಯೂಟ್ರಿನೊ ವೀಕ್ಷಣಾಲಯ ಕೇಂದ್ರದ ಒಪ್ಪಿಗೆ ಸಿಕ್ಕಿಯೂ ಮುಂದೆ ಹೋಗಲಿಲ್ಲ. ಜಾರ್ಖಂಡಿನ ಜಾದೂಗುಡ ಯುರೇನಿಯಂ ಗಣಿಯಲ್ಲಿ 555 ಮೀಟರ್ ಆಳದ ಪ್ರಯೋಗಶಾಲೆ ಈಗ ನಮಗಿರುವ ಆಸರೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿ ಇನ್ನೂ ನಡೆಯುತ್ತಿದೆ; ಅಲ್ಲಿನ ಯಾವ ಸ್ತರದಲ್ಲಿ ಮ್ಯೂಯಾನು ಎಷ್ಟು, ಬಂಡೆಯ ಯುರೇನಿಯಂ-ಥೋರಿಯಂ ಎಷ್ಟು, ಗಾಳಿಯ ರೇಡಾನ್ ಎಷ್ಟು ಎಂದು ರಾಜ್ಯದ ವಿಶ್ವವಿದ್ಯಾಲಯಗಳು ಅಳೆದು ಪ್ರಕಟಿಸಬಹುದು. ಜರ್ಮೇನಿಯಂ ಪತ್ತೆಯಂತ್ರ ಇಳಿಸುವ ಮಾತು ಆಮೇಲಿನದು. ಈ ಮೂರು ಅಂಕಿಗಳಿಲ್ಲದೆ ಅದರ ಯೋಜನೆಯನ್ನೇ ಬರೆಯಲಾಗದು.

ತಮ್ಮ ಪತ್ರಿಕೆಗೆ ನನ್ನ ಕೋರಿಕೆ ಇಷ್ಟು: ಕುಸಿತದ ಸಿದ್ಧಾಂತ ಗೆದ್ದಿತು ಅಥವಾ ಸೋತಿತು ಎಂಬ ಸುದ್ದಿ ಮುಂದೆ ಬಂದಾಗ, ಲ್ಯಾಂಬ್ಡಾ ಎಷ್ಟೆಂದು ಹಿಡಿದು, ಅಗಲ ಎಷ್ಟೆಂದು ಹಿಡಿದು, ಯಾವ ಆವೃತ್ತಿಯ ಗದ್ದಲವನ್ನು ಹುಡುಕಿ ಆ ಮಾತು ಹೇಳಿದ್ದಾರೆಂಬುದನ್ನು ಸುದ್ದಿಯ ಜೊತೆಗೇ ಅಚ್ಚು ಮಾಡಿ. ಮೂರನ್ನೂ ಕೊಡದ ಪ್ರಕಟಣೆಯಾದರೆ, ಕಳಿಸಿದವರನ್ನು ಕೇಳಿ ತರಿಸಿಕೊಂಡು ಮರುದಿನ ಹಾಕಿದರೂ ಆದೀತು.

ಇಂತಿ,
ಭೌತವಿಜ್ಞಾನ ಅಧ್ಯಾಪಕ,
ಬೆಂಗಳೂರು